ಇಸ್ತ್ರಿ ಮಾಡಿದ ಬೈಗಳು

ಇಲ್ಲ, ಅವಳು ಆಗ ಜೋಳ ಹಸನು ಮಾಡುತ್ತಿರಲಿಲ್ಲ. ಹೀಗೆ ಬರೆದು ಹೊಡೆದುಹಾಕುತ್ತಿರುವುದು ಇದು ಮೂರನೆಯ ಸಲ. ನಮ್ಮ ಸೋದರತ್ತೆ ಸಿದ್ದವ್ವ ಮೊರ ಹಿಡಿದು ಕೂತಿದ್ದಳು, ಹೊಟ್ಟು ಹಾರಿತು, ಹೊಟ್ಟಿನ ಜೊತೆಗೇ ಆ ಮಾತೂ ಹಾರಿಬಂತು ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಕೇಳಿದವರೆಲ್ಲ ತಲೆದೂಗಿದ್ದಾರೆ. ಅವರು ತಲೆದೂಗಿದ್ದರಿಂದಲೇ ನನಗೆ ಅನುಮಾನ. ನಡೆದ ಸಂಗತಿಗಳು ಸಾಮಾನ್ಯವಾಗಿ ಅಷ್ಟು ಅಂದವಾಗಿ ನಡೆಯುವುದಿಲ್ಲ. ಬಹುಶಃ ಅವಳು ಸುಮ್ಮನೆ ಗೋಡೆಗೆ ಆತು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಬಹುಶಃ ಆ ಮಾತು ಅವಳದಲ್ಲವೇ ಅಲ್ಲ, ಪಕ್ಕದ ಮನೆಯವಳು ಅಂದದ್ದಿರಬೇಕು. ಆದರೆ ಮಾತು ಮಾತ್ರ ಉಳಿದಿದೆ. ಆಚಾರವೊಂದನ್ನು ಕಾಯಿಸಿ, ಒತ್ತಿ, ಸುಕ್ಕು ತೆಗೆದು, ಮಡಚಿ ಗಿರಾಕಿಯ ಕೈಗೆ ಕೊಡುವ ಕೆಲಸಕ್ಕೆ ಪಟ್ಟಣದ ವಿದ್ಯಾವಂತರು ಈಗ ಒಂದು ಗೇಣುದ್ದದ ಹೆಸರು ಹೇಳುತ್ತಾರಂತೆ. ಬೆಳುಂಕಿ ಎಂಬ ಹಳ್ಳಿಯ ನಮ್ಮತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಅದಕ್ಕೆ 'ಇಸ್ತ್ರಿ' ಎಂದಳು. ಅಂದದ್ದು ನನಗೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಜತ್ತಿನ ಸಂಸ್ಥಾನ ಹೋಗಿ ಹೊಸ ಸರ್ಕಾರ ಬಂದ ಮೊದಮೊದಲ ವರ್ಷಗಳು ಅವು. ನಾನು ಸಂಖದಲ್ಲಿ ಕನ್ನಡ ಸಾಲೆಯ ಮಾಸ್ತರ. ನನ್ನ ಹತ್ತಿರ ಎರಡು ಬಿಳಿ ಟೊಪ್ಪಿಗೆಗಳಿದ್ದವು, ಪ್ರಾಸ ಬಿಟ್ಟು ಬರೆದ ಒಂದು ದಿಂಡು ಕವಿತೆಗಳಿದ್ದವು. ಟೊಪ್ಪಿಗೆಗಳನ್ನು ಜನ ನೋಡುತ್ತಿದ್ದರು. ಕವಿತೆಗಳನ್ನು ನನ್ನ ಹೆಂಡತಿ ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದಳು, ಜಿರಲೆ ಬರುವುದಿಲ್ಲ ಎಂದು. ಅಚ್ಚಿನಲ್ಲಿ ನನ್ನ ಹೆಸರು ನೋಡಬೇಕೆಂಬ ಆಸೆ ಎಷ್ಟಿತ್ತೆಂದರೆ, ಜತ್ತಿನ ಅರಿವೆ ಅಂಗಡಿಯ ಈರಪ್ಪ ಸಾವಕಾರರು ಒಂದು ದಿನ ನನ್ನನ್ನು ಕರೆದು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದಾಗ, ಅವರು ಕೇಳುವುದಕ್ಕೆ ಮೊದಲೇ ನಾನು ಹೂಂ ಅಂದಿದ್ದೆ.

ಸಾವಕಾರರ ವಿಚಾರ ಸರಳವಾಗಿತ್ತು. ಮದುವೆಯ ಜವಳಿ ಕೊಳ್ಳಲು ಪೂರ್ವ ಭಾಗದ ಹಳ್ಳಿಗಳ ಜನ ಬಂಡಿ ಕಟ್ಟಿಕೊಂಡು ಅವರ ಅಂಗಡಿಗೆ ಬರುತ್ತಿದ್ದರು. ಈಗ ಎದುರಿಗೇ ಇನ್ನೊಂದು ಅಂಗಡಿಯಾಗಿತ್ತು. ಆ ಅಂಗಡಿಯವನು ಜವಳಿ ಕೊಂಡವರಿಗೆ ಗೋಡೆಗೆ ಹಾಕುವ ದೇವರ ಚಿತ್ರ ಕೊಡುತ್ತಿದ್ದ.

"ಚಿತ್ರ ಯಾರರ ಕೊಡತಾರ್ರಿ ಮಾಸ್ತರ," ಎಂದರು ಸಾವಕಾರರು. "ನಾವು ಪುಸ್ತಕ ಕೊಡೂಣು. ಬೀಗರ ಪದದ ಪುಸ್ತಕ. ಮದುವ್ಯಾಗ ಹಾಡಾಕ. ನಿಮ್ಮತ್ತಿ ಬಾಯಾಗ ರಾಶಿಗಟ್ಲೆ ಅದಾವಂತಲ್ಲ? ನೀವು ಬರಕೊಂಡ ಬರ್ರಿ, ಛಾಪಿಸೂದು ನನಗಿರಲಿ. ಹಿಂದಿನ ಪುಟದಾಗ ಅಂಗಡಿ ಹೆಸರು, ಮುಂದಿನ ಪುಟದಾಗ ನಿಮ್ಮ ಹೆಸರು."

ನಾನು ಚಹಾದ ಬಸಿ ಕೆಳಗಿಟ್ಟೆ. "ಸಾವಕಾರ್ರ, ಅವು ಬೈಗಳ ಪದಾ ಅಲ್ರಿ?"

"ಅದಕ್ಕ ನಿಮ್ಮನ್ನ ಕರದದ್ದು. ಒಂದೀಟು ಹಸನ ಮಾಡ್ರಿ. ಹೆಣಮಕ್ಕಳು ಕೈಯಾಗ ಹಿಡದ್ರ ನಾಚಿಕಿ ಆಗಬಾರ್ದು, ಗಿರಾಕಿ ಓದಿದ್ರ ಸಿಟ್ಟಿಗೇಳಬಾರ್ದು."

ನಮ್ಮ ಕಡೆಯ ಬೀಗರ ಪದ ಕೇಳದವರಿಗೆ ಇಷ್ಟು ಹೇಳಬೇಕು. ಮದುವೆಯಲ್ಲಿ ಗಂಡಿನ ಕಡೆಯ ಹಿರಿಯರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಗುಂಪಾಗಿ ನಿಂತು ಅವರನ್ನು ಹಾಡಿನಲ್ಲಿ ಬೈಯುತ್ತಾರೆ. ಮೂಗು, ಮೀಸೆ, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಬೈಸಿಕೊಂಡವರು ತಲೆ ತಗ್ಗಿಸಿ ಉಣ್ಣುತ್ತ ಮೀಸೆಯೊಳಗೆ ನಗುತ್ತಾರೆ. ಈ ವಿದ್ಯೆಯಲ್ಲಿ ಸಿದ್ದವ್ವತ್ತೆಯ ಹೆಸರು ಸುತ್ತಿನ ಹತ್ತು ಹಳ್ಳಿಗೆ ಗೊತ್ತಿತ್ತು. ಅವಳಿಗಾಗಿ ಮದುವೆಯ ದಿನ ಮುಂದೆ ಹಾಕಿದವರೂ ಉಂಟು ಎನ್ನುತ್ತಾರೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ. ಹೊಲದಲ್ಲಿ ಕಳೆ ತೆಗೆಯುವ, ಬೆನ್ನು ಸ್ವಲ್ಪ ಬಾಗಿದ, ಸಣ್ಣ ದನಿಯ ಹೆಂಗಸು ಅವಳು. ಹಂದರದಲ್ಲಿ ನಿಂತರೆ ಆ ಸಣ್ಣ ದನಿ ಸೂಜಿಯಂತೆ ಹೋಗಿ ಎದುರಿನ ಸಾಲಿನ ಕೊನೆಯವನ ಕಿವಿಯಲ್ಲಿ ನಿಲ್ಲುತ್ತಿತ್ತು. ಬೀಗರು ಬಂಡಿಯಿಂದ ಇಳಿಯುವಾಗಲೇ ಅವಳು ಬಾಗಿಲ ಮರೆಯಲ್ಲಿ ನಿಂತು ಒಬ್ಬೊಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ವೈದ್ಯರು ಸಹ ಅಷ್ಟು ನೋಡುವುದಿಲ್ಲ.

ಬೆಳುಂಕಿಗೆ ಹೋಗಿ ಎರಡು ದಿನ ಕೂತು ಪದಗಳನ್ನು ಬರೆದುಕೊಂಡೆ. ಅವಳು ಹಾಡಿ ಹೇಳಿದಳು. ಹಾಡಿದ್ದನ್ನೇ ಇನ್ನೊಮ್ಮೆ ಹೇಳೆಂದರೆ ಬೇರೆ ಹೇಳಿದಳು. "ಅತ್ತೀ, ಮೊದಲ ಹೇಳಿದ್ದ ಯಾವುದು?" ಎಂದರೆ, "ಮೊದಲಿಂದು ಮೊದಲಿಂದಾತು, ಈಗಿಂದು ಈಗಿಂದಾತು. ಎದುರಿಗೆ ಬೀಗ ಕುಂತಿರಬೇಕಪ್ಪ. ನಿನ್ನ ಮಾರಿ ನೋಡಿ ಎಷ್ಟಂತ ಬೈಲಿ?" ಎಂದಳು. ಆಗ ನನಗೆ ಇದು ಅವಳ ಮರೆವು ಅನ್ನಿಸಿತ್ತು. ಹಾಡೆಂದರೆ ಪುಸ್ತಕದಲ್ಲಿ ಒಂದು ಕಡೆ ಕೂರುವ ವಸ್ತು ಎಂದು ನಾನು ತಿಳಿದಿದ್ದೆ; ಅವಳಿಗೆ ಅದು ಎದುರಿಗೆ ಕೂತವನ ಮುಖದಲ್ಲಿ ಹುಟ್ಟುವ ವಸ್ತು.

ಬರೆದುಕೊಂಡದ್ದರಲ್ಲಿ ಒಂದು ಹೀಗಿತ್ತು:

ಬೀಗಪ್ಪನ ಮೀಸಿ ನೋಡ್ರೆವ್ವ, ಸವದ ಕಸಬರಿಗಿ
ಹಿಡದು ಅಂಗಳ ಹೊಡದ್ರ ಸಾಕ, ಹೊಸಾದು ಬ್ಯಾಡ ಮನಿಗಿ

ಇನ್ನೊಂದು, ಬೀಗ ದಾರಿಯುದ್ದಕ್ಕೂ ಎತ್ತಿನ ಪಾಲಿನ ಕಣಿಕೆ, ಅಂದರೆ ಜೋಳದ ದಂಟಿನ ಮೇವು, ತಿನ್ನುತ್ತ ಬಂದನೆಂಬುದು:

ಬಂಡ್ಯಾಗಿನ ಕಣಿಕಿ ಮೆದ್ದಾನ ಬೀಗ, ಇಳದ ನಿಂತಾನ ತೇಗಿ
ಎತ್ತಿಗೆ ಉಪವಾಸ, ಎತ್ತ ಅಳತೈತಿ ಬೀಗನ ಮಾರಿ ನೋಡಿ

ಇವನ್ನು ಹೊತ್ತುಕೊಂಡು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಹಸನು ಮಾಡಲು ಕೂತೆ. ಪ್ರಾಸವನ್ನು ಜನ್ಮವೈರಿಯಂತೆ ಕಾಣುತ್ತಿದ್ದ ನಾನು ಪ್ರಾಸಕ್ಕಾಗಿ ಅಂಗೈಯಿಂದ ಹಣೆ ಬಡಿದುಕೊಂಡೆ. ಕೊನೆಗೆ ಮೀಸೆಯ ಪದ ಹೀಗಾಯಿತು:

ಬೀಗರ ಮೀಸೆ ನೋಡಿರಿ, ಸಿಂಹದ ಗಾಂಭೀರ್ಯ
ಅಂಗಳ ತುಂಬಿತು ಇಂದು ಭಾಗ್ಯ, ಧೈರ್ಯ, ಸ್ಥೈರ್ಯ

ಅಂಗಳದಲ್ಲಿ ಧೈರ್ಯ ಏಕೆ ತುಂಬಿತು ಎಂದು ಕೇಳಬೇಡಿ. ಕಣಿಕೆಯ ಪದಕ್ಕೆ ಇನ್ನೂ ಕಷ್ಟಪಟ್ಟೆ:

ಬಂಡಿಯಿಳಿದ ಬೀಗರು ಬಲು ಮಿತಾಹಾರಿಗಳು
ಎತ್ತುಗಳಿಗೂ ಅವರಿಂದ ಸದಾ ಉಪಚಾರಗಳು

ಸಾವಕಾರರು ಕನ್ನಡಕ ಏರಿಸಿ ಓದಿದರು. ಬಹಳ ಚೆನ್ನಾಗಿದೆ ಎಂದರು. ಒಂದೇ ಒಂದು ಕಡೆ ಬೆರಳಿಟ್ಟರು. ಬೀಗತಿಯ ಸೀರೆ ಒಂದು ಸಲ ತೊಳೆದರೆ ಹಳ್ಳದ ನೀರೆಲ್ಲ ಕೆಂಪಾಗುತ್ತದೆ ಎಂಬ ಪದವೊಂದಿತ್ತು. ಅದನ್ನು ನಾನು ಅರ್ಧ ಮಾತ್ರ ಹಸನು ಮಾಡಿದ್ದೆ. "ಮಾಸ್ತರ, ಬಾಕಿದು ಏನರ ಇರಲಿ. ಬಣ್ಣ ಬಿಡೂ ಸೀರಿ ಅಂದ್ರ ಅದು ನನ್ನ ಅಂಗಡಿಗೇ ಬರತೈತಿ," ಎಂದರು. ಹೀಗೆ ಬೀಗತಿಯ ಸೀರೆ ನಮ್ಮ ಪುಸ್ತಕದಲ್ಲಿ ಎಂದೆಂದಿಗೂ ಬಣ್ಣ ಬಿಡದ ಸೀರೆಯಾಯಿತು. ಬೈಗಳಿದ್ದ ಪದ ಅಂಗಡಿಯ ಜಾಹೀರಾತಾಗಿ ಹೊರಬಿತ್ತು.

ಅಚ್ಚಾದ ಮೊದಲ ಪ್ರತಿಯನ್ನು ತೆಗೆದುಕೊಂಡು ಬೆಳುಂಕಿಗೆ ಹೋಗಿ ಅತ್ತೆಗೆ ಓದಿ ತೋರಿಸಿದೆ. ಮೊರ ಹಿಡಿದಿದ್ದಳೋ ಎಲೆ ಅಡಿಕೆಯೋ ಎಂದು ನಾನು ಮೊದಲಲ್ಲೇ ತಕರಾರು ತೆಗೆದದ್ದು ಈ ಸಂದರ್ಭದ ಬಗ್ಗೆಯೇ. ಅವಳು ಪೂರ್ತಿ ಕೇಳಿದಳು. ಎಲ್ಲಿಯೂ ನಗಲಿಲ್ಲ. ಆಮೇಲೆ ಪುಸ್ತಕವನ್ನು ಕೈಯಲ್ಲಿ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಹಾಳೆಯ ಮೇಲೆ ಅಂಗೈ ಸವರಿದಳು.

"ಭಾಳ ನುಣ್ಣಗ ಐತಿ," ಎಂದಳು. "ಹಾಡಿಗೆ ಇಸ್ತ್ರಿ ಹೊಡದ ತಂದೀಯಲ್ಲೋ ತಮ್ಮಾ."

"ಚಲೋ ಆಗೈತಲ್ಲ ಅತ್ತಿ?"

"ಚಲೋ ಐತಿ, ಯಾರ ಇಲ್ಲಂದ್ರು? ಆದ್ರ ಇಸ್ತ್ರಿ ಅರಿವಿ ಹಾಕ್ಕೊಂಡಾವ ನಮ್ಮ ಮನಿಗಿ ಬಂದ್ರ ನೆಲದ ಮ್ಯಾಲ ಕುಂದ್ರಾಂಗಿಲ್ಲ ನೋಡು. ನಿಂತ ಮಾತಾಡ್ತಾನ, ನಿಂತ ಹೋಗ್ತಾನ. ನಿನ್ನ ಹಾಡೂ ಹಂಗ ನಿಂತೈತಿ."

ನಾನು ನಕ್ಕೆ. ಎದ್ದು ಧೋತರದ ಹಿಂಭಾಗ ಜಾಡಿಸಿಕೊಂಡೆ. ಅಷ್ಟು ಹೊತ್ತೂ ಅಂಗಳದ ಕಟ್ಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದವನು ನಾನೇ ಎಂಬುದು ಆಗ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲೇ ನನ್ನ ತಂಗಿ ನೀಲವ್ವನ ಮದುವೆ. ಗಂಡು ದರಿಬಡಚಿಯವನು. ಅವನ ತಂದೆ ಗುರಪ್ಪ ಆ ಊರಿನಲ್ಲಿ ತೂಕದ ಮನುಷ್ಯ. ಮೀಸೆ ನಿಜವಾಗಿಯೂ ಸವೆದ ಕಸಬರಿಗೆಯಂತಿತ್ತು. ತಂದೆ ಇಲ್ಲದ ಹುಡುಗಿ ನೀಲವ್ವ. ಆ ಸಂಬಂಧ ಕೂಡಿಬರುವುದಕ್ಕೆ ನಮ್ಮವ್ವ ಎರಡು ವರ್ಷ ಹರಕೆ ಹೊತ್ತಿದ್ದಳು. ಎಲ್ಲವೂ ಸರಿಯಾಗಿ ನಡೆಯಬೇಕೆಂಬ ಭಯದಲ್ಲಿ ನಾನೊಂದು ಏರ್ಪಾಡು ಮಾಡಿದೆ. ಓದು ಬಲ್ಲ ನಾಲ್ಕು ಹುಡುಗಿಯರನ್ನು ಆರಿಸಿ ಪುಸ್ತಕದ ಪದಗಳನ್ನು ಕಲಿಸಿದೆ. ಸಾವಕಾರರೂ ಮದುವೆಗೆ ಬರುವವರಿದ್ದರು. ತಮ್ಮ ಪುಸ್ತಕ ಹಂದರದಲ್ಲಿ ಹೇಗೆ ಕೇಳಿಸುತ್ತದೆಂದು ನೋಡುವ ಆಸೆ ಅವರಿಗೆ. ಅತ್ತೆಯ ಕೈ ಹಿಡಿದು, "ಅತ್ತೀ, ಇದೊಂದ ಮದುವಿಗೆ ನೀ ಸುಮ್ಮ ಕುಂದ್ರು. ದೊಡ್ಡ ಮಂದಿ ಬರಾವ್ರದಾರ," ಎಂದೆ.

ಅವಳು ನನ್ನನ್ನು ನೋಡಿದಳು. "ಆತಪ್ಪ. ನಿನ್ನ ತಂಗಿ ಮದುವಿ, ನೀ ಹೇಳಿದಂಗ," ಎಂದು ಹಿಂದಿನ ಸಾಲಿಗೆ ಹೋಗಿ ಕೂತಳು. ಅವಳಿಗೆ ನೋವಾಯಿತೋ ಇಲ್ಲವೋ ಅವಳ ಮುಖ ನೋಡಿ ತಿಳಿಯುವಂತಿರಲಿಲ್ಲ. ನನಗಂತೂ ಆಗ ನೋಡಲು ಪುರುಸೊತ್ತಿರಲಿಲ್ಲ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಅಕ್ಷತೆಯ ಅಕ್ಕಿಕಾಳು ಬಿತ್ತು, ಮಧ್ಯಾಹ್ನದ ಪಂಕ್ತಿ ಕೂತಿತು. ಎಲೆಗಳಿಗೆ ಗೋಧಿ ಹುಗ್ಗಿ ಬಂತು, ಮೇಲೆ ತುಪ್ಪ ಬಂತು. ಹುಡುಗಿಯರು ಪುಸ್ತಕ ಹಿಡಿದು ನಿಂತು ಹಾಡಿದರು. ಗಾಂಭೀರ್ಯ ಮುಗಿಯಿತು, ಸ್ಥೈರ್ಯ ಮುಗಿಯಿತು, ಎತ್ತುಗಳಿಗೆ ಉಪಚಾರವಾಯಿತು. ಸಾವಕಾರರು ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ನಾನು ಗುರಪ್ಪನ ಮುಖ ನೋಡಿದೆ. ಅವನ ಕೈ ಹುಗ್ಗಿಯ ಮೇಲೆ ಹಾಗೇ ನಿಂತಿತ್ತು. ಅವನ ಸಾಲಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ.

"ಮಾಸ್ತರ," ಎಂದ ಗುರಪ್ಪ. ದನಿ ಮೆಲ್ಲಗಿತ್ತು. "ನಮ್ಮ ಕಡಿಂದ ಏನರ ತಪ್ಪಾಗೇತ್ರಿ?"

"ಅಯ್ಯ, ತಪ್ಪೇನ್ರಿ ಬೀಗರ? ನಿಮ್ಮನ್ನ ಹೊಗಳಾಕತ್ತಾರ."

"ಅದಕ್ಕ ಕೇಳಾಕತ್ತೀನಿ. ಮಾಮಲೇದಾರ ಬಂದ್ರ ಹೊಗಳತಾರ. ಫೌಜದಾರ ಬಂದ್ರ ಹೊಗಳತಾರ. ನಾವು ಹೊರಗಿನವ್ರೇನ್ರಿ? ಮನಿ ಮಂದಿ ಅಂತ ತಿಳದಿದ್ರ ಒಂದ ಬೈಗಳ ಹುಟ್ಟಲಿಲ್ಲೇನು ನಿಮ್ಮ ಬಾಯಾಗ?" ಆಮೇಲೆ ತನ್ನ ಸಾಲಿನ ಕಡೆ ತಿರುಗಿ, "ಏಳ್ರಪ್ಪ, ಕೈ ತೊಳೀರಿ," ಎಂದ.

ಗುರಪ್ಪ ಎದ್ದು ನಿಂತ ಎಂದು ನಾನು ಸಾಮಾನ್ಯವಾಗಿ ಹೇಳುವುದುಂಟು. ಅವನು ಎದ್ದು ನಿಂತಿರಲಿಲ್ಲ. ಒಂದು ಮೊಣಕಾಲು ಮಾತ್ರ ಎತ್ತಿದ್ದ. ಆದರೆ ಬೀಗ ಉಣ್ಣದೆ ಎಲೆ ಬಿಟ್ಟು ಮೊಣಕಾಲು ಎತ್ತಿದರೆ ಸಾಕು, ನಾಳೆ ಆ ಮನೆಗೆ ಹೋಗುವ ಹುಡುಗಿ ಜೀವಮಾನವಿಡೀ ಆ ಮೊಣಕಾಲಿನ ಮಾತು ಕೇಳಬೇಕು. ಒಳಬಾಗಿಲಲ್ಲಿ ನಮ್ಮವ್ವ ಸೆರಗು ಬಾಯಿಗಿಟ್ಟುಕೊಂಡಳು. ಬಾಸಿಂಗ ಕಟ್ಟಿಕೊಂಡ ನೀಲವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ತಲೆಯಲ್ಲಿ ಒಂದಾದರೂ ಬೈಗಳು ಬರಲೆಂದು ದೇವರನ್ನು ಬೇಡಿಕೊಂಡೆ. ಆ ಪದಗಳನ್ನೆಲ್ಲ ನಾನೇ ಕೈಯಾರೆ ಬರೆದುಕೊಂಡಿದ್ದೆ. ಬಾಯಿಗೆ ಬಂದದ್ದು ಮಾತ್ರ 'ಮಿತಾಹಾರಿಗಳು'. ಸಾವಕಾರರ ತಾಳ ಯಾವಾಗ ನಿಂತಿತೋ ಗೊತ್ತಿಲ್ಲ.

ನಾನು ಹಿಂದಿನ ಸಾಲಿಗೆ ಓಡಿದೆ. "ಅತ್ತೀ," ಎಂದೆ. ಅಷ್ಟೇ ಹೇಳಲಾಯಿತು. ಅವಳಿಗೆ ನನ್ನ ಮೇಲೆ ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಒಂದು ಕ್ಷಣ ಕಾಯಿಸಿದ್ದರೂ ಸಾಕಿತ್ತು. ಅವಳು ಕಾಯಿಸಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗುಳಿ, ಸೆರಗು ಸಿಕ್ಕಿಸಿಕೊಂಡು, ಗುರಪ್ಪನ ನೇರ ಎದುರಿಗೆ ಬಂದು ನಿಂತು ಮೀಸೆಯಿಂದ ಸುರುಮಾಡಿದಳು. ಕಸಬರಿಗೆ ಎಂಬ ಮಾತು ಬಿದ್ದದ್ದೇ ಗುರಪ್ಪನ ಮೊಣಕಾಲು ಕೆಳಗಿಳಿಯಿತು. ಎರಡನೆಯ ಪದಕ್ಕೆ ಅವನು ಹುಗ್ಗಿ ಬಾಯಿಗಿಟ್ಟ. ಮೂರನೆಯದಕ್ಕೆ ಅವನ ಅಣ್ಣ ಪಕ್ಕದಿಂದ, "ಏನವ್ವ, ಎಲ್ಲಾ ಅವಂಗ ಆತು, ನಾ ಏನ್ ಮಾಡೀನಿ?" ಎಂದು ತಕರಾರು ತೆಗೆದ. ಅವನಿಗೂ ಒಂದು ಸಿಕ್ಕಿತು. ತಲೆಗೆ ಸುತ್ತಿದ ಪಟಗ ಬಿಚ್ಚಿದರೆ ಒಳಗೆ ಕೋಳಿ ಮೊಟ್ಟೆ ಇಟ್ಟಿದೆ ಎಂದು. ಇಡೀ ಸಾಲು ಕೊರಳು ಉದ್ದ ಮಾಡಿ ತನ್ನ ತನ್ನ ಸರದಿಗಾಗಿ ಕಾಯತೊಡಗಿತು.

ಸಾಲಿನ ಕೊನೆಗೆ ಗುರಪ್ಪನ ತಮ್ಮ ಕೂತಿದ್ದ. ಅವನಿಗೆ ಹುಟ್ಟಿನಿಂದ ಒಂದು ಕಾಲು ಗಿಡ್ಡ. ಅತ್ತೆ ಅವನ ಎದುರಿಗೆ ಬಂದಾಗ ಅವನು ತಲೆ ತಗ್ಗಿಸಿ ಆ ಕಾಲನ್ನು ಧೋತರದೊಳಗೆ ಎಳೆದುಕೊಂಡ. ಅವಳು ಕಾಲಿನ ಕಡೆ ನೋಡಲೇ ಇಲ್ಲ.

ಆರ ಸಾರೆ ಹುಗ್ಗಿ ಉಂಡಾನ ಮಾವ, ಏಳನೇದಕ ನಾಚಿಕೊಂಡ
ನಾಚಿಕಿ ಬಿಡೊ, ಅಡಗಿ ಮನ್ಯಾಗ ಐತಿ ಇನ್ನೊಂದು ಹಂಡ

ಅವನು ತಲೆಯೆತ್ತಿ ನಕ್ಕ. ನಕ್ಕದ್ದಷ್ಟೇ ಅಲ್ಲ, ಎಲೆ ಮುಂದೆ ಸರಿಸಿ "ಹಾಕ್ರಿ ಹಂಗಾರ!" ಎಂದ. ಅವನು ಉಂಡದ್ದು ಎರಡೇ ಸಲ, ನಾನು ಬಡಿಸುತ್ತಿದ್ದೆನಲ್ಲ. ಮುಂದೊಮ್ಮೆ ಅತ್ತೆಯನ್ನು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ತುರಿಕಿ ಇದ್ದಲ್ಲಿ ಚಿವುಟಬೇಕು, ಹುಣ್ಣ ಇದ್ದಲ್ಲಿ ಮುಟ್ಟಬಾರ್ದು. ಇದಕ್ಕ ಪುಸ್ತಕ ಯಾಕ ಬೇಕೋ?" ನಾನು ಪುಸ್ತಕದಲ್ಲಿ ತುರಿಕೆ, ಹುಣ್ಣು ಎರಡನ್ನೂ ಒರೆಸಿಹಾಕಿದ್ದೆ; ಎರಡರ ನಡುವೆ ಅವಳು ಪ್ರತಿಸಲ ಮಾಡುತ್ತಿದ್ದ ಆಯ್ಕೆಯೇ ಅವಳ ವಿದ್ಯೆ ಎಂಬುದು ನನ್ನ ಬುದ್ಧಿಗೆ ಎಟುಕಿರಲಿಲ್ಲ. ಹೊಲಸು ಬಾಯಿ ಎಂದು ನಾನು ತಿಳಿದದ್ದು ಊರಿನಲ್ಲೇ ಅತ್ಯಂತ ನಾಜೂಕಾದ ಬಾಯಿಯಾಗಿತ್ತು.

ಈ ಕಥೆಯಲ್ಲೂ ನಾನು ಕೈಯಾಡಿಸಿಲ್ಲ ಎಂದು ಹೇಳಲಾರೆ. ಅವಳು ಆ ದಿನ ಹಾಡಿದ ಪದಗಳಲ್ಲಿ ಅಚ್ಚಿಗೆ ತಡೆಯುವಂಥವನ್ನು ಮಾತ್ರ ಇಲ್ಲಿ ಕೊಟ್ಟಿದ್ದೇನೆ. ಬೀಗತಿಯ ಬಗ್ಗೆ ಹಾಡಿದ್ದನ್ನು ಸಂಪಾದಕರು ಹಾಕುವುದಿಲ್ಲ. ಹಾಕಿದರೆ ನೀವು ಮಕ್ಕಳ ಕೈಗೆ ಸಿಗದಂತೆ ಎತ್ತಿಡುತ್ತೀರಿ. ಅಂದರೆ ನಾನಿನ್ನೂ ಆ ಅಂಗಡಿಯ ಗಾದಿಯಿಂದ ಪೂರಾ ಎದ್ದಿಲ್ಲ. ಸಾವಕಾರರು ಮಾತ್ರ ಎದ್ದರು. ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಅವರೇ ಮೊದಲಿಗರು. ಉಳಿದ ಪ್ರತಿಗಳ ಹಾಳೆಯಲ್ಲಿ ಗಿರಾಕಿಗಳಿಗೆ ಕುಪ್ಪಸದ ಖಣ ಸುತ್ತಿ ಕೊಟ್ಟರಂತೆ. ಮುಂದೆ ನಮ್ಮ ಕಡೆ ಯಾವುದು ನುಣ್ಣಗೆ, ನಯವಾಗಿ, ಮಾರಾಟಕ್ಕೆ ಸಿದ್ಧವಾಗಿ ಬಂದರೂ ಜನ "ಇಸ್ತ್ರಿ ಐತಿ ಬಿಡು" ಎನ್ನತೊಡಗಿದರು. ಬಯಲಾಟದವರು ಪಟ್ಟಣದ ಕಂಪನಿಯವರಂತೆ ಪರದೆ ಕಟ್ಟಿಕೊಂಡು ಬಂದಾಗ ಅಂದರು. ನನ್ನ ಕವಿತೆಯೊಂದು ಕೊನೆಗೂ ಪತ್ರಿಕೆಯಲ್ಲಿ ಬಂದಾಗಲೂ ಅಂದರು. ಓದದೆಯೇ ಅಂದರು ಎಂಬುದೇ ನನ್ನ ಸಮಾಧಾನ.

ಬೀಗರನ್ನೆಲ್ಲ ಬೈದು ಮುಗಿಸಿದ ಮೇಲೆ ಅತ್ತೆ ನಿಲ್ಲಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. ಹೆಣ್ಣಿನ ಅಣ್ಣನನ್ನು ಹೆಣ್ಣಿನ ಕಡೆಯವರೇ ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಅದನ್ನು ಆಗಲೇ ಹುಟ್ಟಿಸಿದಳು.

ಮಾಸ್ತರ ಟೊಪ್ಪಿಗಿ ನೋಡ್ರೆವ್ವ, ಮಡಿಕಿ ಮುರದಿಲ್ಲ
ಒಳಗಿನ ತಲಿ ನೋಡ್ರೆವ್ವ, ಇನ್ನಾ ಬಳಸಿಲ್ಲ

ಗುರಪ್ಪ ತುಪ್ಪದ ಕೈಯಲ್ಲೇ ನೆಲ ಬಡಿದು ನಕ್ಕ. ಬಾಸಿಂಗದ ಕೆಳಗೆ ನೀಲವ್ವ ನಕ್ಕದ್ದನ್ನು ನಾನು ಕಂಡೆ. ನಾಲ್ಕು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅದಕ್ಕಾಗಿ ಇನ್ನೂ ಹತ್ತು ಪದ ಬೈಸಿಕೊಳ್ಳುತ್ತಿದ್ದೆ. ಅತ್ತೆ ಮುಂದಿನದನ್ನು ಎತ್ತಿಕೊಂಡಳು: "ಮನ್ಯಾಗ ಹೆಂಡತಿ ಮುಂದ ಮಾತ್ರ ಮಾಸ್ತರ..." ಇಷ್ಟು ಕೇಳಿಸಿತು. ಉಳಿದದ್ದು ಕೇಳಿಸಲಿಲ್ಲ, ಏಕೆಂದರೆ ಆ ಗಳಿಗೆಯಲ್ಲಿ ನಾನೇ ಎರಡೂ ಕೈಯೆತ್ತಿ "ಅತ್ತೀ, ಸಾಕ ಬಿಡ!" ಎಂದು ಕೂಗುತ್ತಿದ್ದೆ. ನನ್ನ ಕೂಗು ನಿಂತಾಗ ಹಂದರದಲ್ಲಿ ಉಳಿದಿದ್ದದ್ದು ನಗು ಮಾತ್ರ. ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದಿದ್ದರು. ನನ್ನ ಹೆಂಡತಿ ಮುಖಕ್ಕೆ ಸೆರಗು ಹಾಕಿಕೊಂಡು ಒಳಗೆ ಓಡಿಹೋದಳು.

ಆ ಸಾಲು ಏನೆಂದು ಆಮೇಲೆ ನಾನು ಕೇಳದವರಿಲ್ಲ. ಹೆಂಡತಿ, "ನಿಮ್ಮ ಅಕ್ಷರ ಮುತ್ತಿನಂಗ ಅದಾವ ಅಂದ್ರು ಅಷ್ಟ್ರಿ," ಎಂದು ಮುಸುರೆ ತಿಕ್ಕತೊಡಗಿದಳು. ಗುರಪ್ಪ ಭೇಟಿಯಾದಾಗಲೆಲ್ಲ, "ಛೇ, ಕೆಟ್ಟದ್ದೇನಿಲ್ರಿ, ಭಾಳ ಮಾನಾ ಕೊಟ್ಟ ಹಾಡಿದ್ಳು," ಎಂದು ಬೇರೆ ಕಡೆ ನೋಡುತ್ತಿದ್ದ. ಸಾವಕಾರರು ಕೆಮ್ಮುತ್ತಿದ್ದರು. ಅತ್ತೆಯನ್ನೇ ಕೇಳಿದಾಗ, "ನಿನ್ನ ಮಾರಿ ನೋಡಿದಾಗ ಬಂತು, ಆ ಮಾರಿ ಹೋತು, ಅದೂ ಹೋತು," ಎಂದುಬಿಟ್ಟಳು. ಅವಳು ತೀರಿಹೋಗಿ ಈಗ ಕೆಲವು ವರ್ಷಗಳಾದವು. ಆ ಸಾಲು ಕೇಳಿದವರು ಇನ್ನೂ ಐದಾರು ಜನ ಬದುಕಿದ್ದಾರೆ. ಎಲ್ಲರೂ ನನಗೆ ಬೇರೆ ಬೇರೆ ಸಾಲು ಹೇಳುತ್ತಾರೆ. ಎಲ್ಲವೂ ಸಭ್ಯವಾಗಿವೆ, ಯಾವುದರಲ್ಲೂ ನಗು ಬರುವುದಿಲ್ಲ. ನಿಜವಾಗಿ ಅವಳು ಏನು ಹಾಡಿದಳೋ ನನಗೆ ಗೊತ್ತಿಲ್ಲ.